ಎಂಬತ್ತು ರೂಪಾಯಿ ಕಪ್ಲರ್, ಒಂದು ವಾರದ ಕಸ್ಟಮರ್ ಕೇರ್

ಮಿಕ್ಸಿ ರಿವ್ಯೂ ಅಂತ ಹುಡುಕಿ ನೋಡಿ, ಮುಕ್ಕಾಲು ಪಾಲು ಜನ ಡಬ್ಬ ಬಿಚ್ಚಿದ ದಿನವೇ ಬರೆದು ಹಾಕಿರ್ತಾರೆ. ಪ್ಯಾಕಿಂಗ್ ಸೂಪರ್, ಡೆಲಿವರಿ ಹುಡುಗ ಒಳ್ಳೇವ್ನು, ಕಲರ್ ಫೋಟೋದಲ್ಲಿ ಇದ್ದಂಗೇ ಇದೆ, ಐದು ಸ್ಟಾರ್. ಅಲ್ರೀ, ಕಲರ್ ಇಟ್ಕೊಂಡು ಚಟ್ನಿ ರುಬ್ಬಕ್ಕಾಗುತ್ತಾ? ನಾನು ಎರಡೂವರೆ ವರ್ಷ ದಿನಾ ಬೆಳಗ್ಗೆ ಎರಡು ಸಲ ಸಾಯಂಕಾಲ ಒಂದು ಸಲ ಓಡ್ಸಿ, ಒಂದು ಸಲ ಕೆಡ್ಸಿ, ರಿಪೇರಿನೂ ಮಾಡ್ಸಿ ಆಮೇಲೆ ಬರೀತಿದೀನಿ. ಕಂಪನಿ ಹೆಸರು ಹೇಳಲ್ಲ, ಕೇಳ್ಬೇಡಿ. ಪ್ರಿಜ್ಜು, ವಾಷಿಂಗ್ ಮಷೀನು, ನೀರಿನ ಫಿಲ್ಟರ್ರು ಅಂತ ನಮ್ಮ ಬಿಲ್ಡಿಂಗ್‌ನವ್ರೆಲ್ಲ ಒಬ್ಬೊಬ್ಬರು ಒಂದೊಂದು ಕಂಪನಿ ಜೊತೆ ಗುದ್ದಾಡಿದ ಕಥೆ ಕೇಳಿದ್ಮೇಲೆ ನಂಗನ್ಸಿದ್ದು, ಹೆಸರು ಬದಲಾಯಿಸಿದ್ರೂ ಕಥೆ ಇದೇ.

2022ರ ದೀಪಾವಳಿ ಆಫರ್‌ನಲ್ಲಿ ತಗೊಂಡಿದ್ದು. ಡಬ್ಬದ ಮೇಲೆ ಎಂಆರ್‌ಪಿ 7,495 ಅಂತ ಪ್ರಿಂಟಾಗಿತ್ತು, ನಮಗೆ ಬಿದ್ದಿದ್ದು 4,299. ಮೂರು ಸಾವಿರ ಉಳೀತು ಅಂತ ನಮ್ಮನೆಯವ್ರು ಬಸ್‌ಸ್ಟಾಪಿನವರೆಗೂ ಖುಷಿಪಟ್ರು. ಆ ಎಂಆರ್‌ಪಿಗೆ ಯಾರಾದ್ರೂ ಯಾವತ್ತಾದ್ರೂ ಮಿಕ್ಸಿ ತಗೊಂಡಿದಾರಾ ಅಂತ ನಂಗೆ ಡೌಟು. 750 ವಾಟ್, ಮೂರು ಸ್ಟೀಲ್ ಜಾರು, ಒಂದು ಪ್ಲಾಸ್ಟಿಕ್ ಜ್ಯೂಸ್ ಜಾರು, ಎರಡು ವರ್ಷ ಪ್ರಾಡಕ್ಟ್ ವಾರಂಟಿ, ಐದು ವರ್ಷ ಮೋಟಾರ್ ವಾರಂಟಿ. ಅಂಗಡಿ ಹುಡುಗ "ಐದು ವರ್ಷ ತಲೆನೋವಿಲ್ಲ ಮೇಡಂ" ಅಂದ. ಈ ಐದು ವರ್ಷ ಅನ್ನೋ ಮಾತು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಮೊದಲು ಮಿಕ್ಸಿ ವಿಷಯ ಹೇಳ್ಬಿಡ್ತೀನಿ, ನ್ಯಾಯವಾಗಿ ಹೇಳ್ಬೇಕಂದ್ರೆ ಮಿಕ್ಸಿ ಕೆಟ್ಟದ್ದಲ್ಲ. ಕಾಯಿ ಚಟ್ನಿ ನುಣ್ಣಗೆ ಬರುತ್ತೆ, ಹುರಿಗಡಲೆ ಜಾಸ್ತಿ ಹಾಕಿದ್ರೂ ತಳ ಹಿಡಿಯಲ್ಲ. ಸಾರಿನಪುಡಿ ಮಾಡುವಾಗ ಧನಿಯಾ ಮೆಣಸಿನಕಾಯಿ ಹುರಿದು ಪೂರ್ತಿ ಆರಿಸ್ಬಿಟ್ಟು ಹಾಕಿದ್ರೆ ಒಂದೇ ಸುತ್ತಿಗೆ ಪುಡಿ, ಬಿಸಿಬಿಸಿ ಹಾಕಿದ್ರೆ ಮಾತ್ರ ಮುಚ್ಚಳ ಎಗರಿ ಅಡುಗೆಮನೆ ತುಂಬಾ ಸೀನೋದೇ. ಗಸಗಸೆ ಮಾತ್ರ ಒಣಗಿದ್ದು ಹಾಕಿದ್ರೆ ಜಪ್ಪಯ್ಯ ಅಂದ್ರೂ ಪುಡಿಯಾಗಲ್ಲ, ಬ್ಲೇಡ್ ಸುತ್ತ ಪ್ರದಕ್ಷಿಣೆ ಹಾಕ್ತಾ ಕೂತಿರುತ್ತೆ, ನೆನೆಸಿ ಕಾಯಿ ಜೊತೆ ರುಬ್ಬಬೇಕು. ದೋಸೆ ಹಿಟ್ಟು ಒಂದು ಪಾವಿನದ್ದು ಓಕೆ, ಅದಕ್ಕಿಂತ ಜಾಸ್ತಿ ಅಂದ್ರೆ ಗ್ರೈಂಡರೇ ಬೇಕು, ಯಾಕಂದ್ರೆ ಉದ್ದು ಬಿಸಿಯಾಗ್ಬಿಟ್ರೆ ಹಿಟ್ಟು ಉಬ್ಬೋದ್ರಲ್ಲಿ ಎದ್ದು ಕಾಣುತ್ತೆ. ಸದ್ದು ವಿಪರೀತ. ಬೆಳಗ್ಗೆ ಆರೂವರೆಗೆ ಹಾಕಿದ್ರೆ ಕೆಳಗಡೆ ಮನೆಯವ್ರ ಅಲಾರಂ ಇದೇ. ಜ್ಯೂಸ್ ಜಾರು ಎರಡೂವರೆ ವರ್ಷದಲ್ಲಿ ನಾಲ್ಕು ಸಲ ಇಳ್ಸಿರ್ಬೋದು, ಈಗ ಅದ್ರೊಳಗೆ ರಬ್ಬರ್ ಬ್ಯಾಂಡು, ಹಳೇ ಕೀ ಇಟ್ಟಿದೀವಿ. ಎಲ್ಲಾರ ಮನೇಲೂ ಹಿಂಗೇನಾ ಅಥವಾ ನಮ್ಮನೇಲಿ ಮಾತ್ರಾನಾ? ಒಂದೂವರೆ ವರ್ಷಕ್ಕೆ ಚಿಕ್ಕ ಜಾರಿನ ಗ್ಯಾಸ್ಕೆಟ್ ಸಡಿಲ ಆಯ್ತು, ಎರಡು ವರ್ಷಕ್ಕೆ ಅದೇ ಜಾರಿನ ತಳದಿಂದ ಕಪ್ಪು ನೀರು ಬರೋಕೆ ಶುರುವಾಯ್ತು. ಅದು ಬುಷ್, ಅಂದ್ರೆ ಬ್ಲೇಡಿನ ಕಡ್ಡಿ ಕೂತು ತಿರುಗೋ ಬಳೆ, ಸವೆದಿರೋ ಗುರುತು. ಆ ಕಪ್ಪು ಜಿಡ್ಡು ಒಳಗಡೆ ಚಟ್ನಿಗೂ ಹೋಗ್ಬೋದು, ಅದಕ್ಕೇ ಕಂಡ ತಕ್ಷಣ ಬುಷ್ ಹಾಕಿಸ್ಬೇಕು, ನಾನು ಎರಡು ತಿಂಗಳು ಬಟ್ಟೆಯಲ್ಲಿ ಒರೆಸ್ಕೊಂಡೇ ತಳ್ಳಿದೆ, ಅದು ನಂದೇ ತಪ್ಪು.

ಈಗ ಯುಗಾದಿಗೆ ಬರೋಣ. 2025ರ ಯುಗಾದಿ ಮಾರ್ಚ್ 30, ಭಾನುವಾರ. ಬೆಳಗ್ಗೆ ಎಣ್ಣೆಸ್ನಾನ ಆಗಿ, ಬೇವುಬೆಲ್ಲ ಆಗಿ, ಬೇಳೆ ಕಟ್ಟು ಬಸಿದು ಸಾರಿಗೆ ತೆಗೆದಿಟ್ಟು, ಬೇಳೆಗೆ ಬೆಲ್ಲ ಹಾಕಿ ಕುದಿಸಿ ಹೂರಣ ರುಬ್ಬೋಕೆ ಮಿಕ್ಸಿಗೆ ಹಾಕಿದೆ. ಅತ್ತೆ ಹೇಳಿದ್ರು, ಸ್ವಲ್ಪ ಸ್ವಲ್ಪ ಹಾಕಮ್ಮ, ಹೂರಣಕ್ಕೆ ನೀರು ಹಾಕಂಗಿಲ್ಲ, ಅದು ಮಿಕ್ಸಿನ ಹಿಡ್ಕೊಂಡ್ಬಿಡುತ್ತೆ ಅಂತ. ನಾನು ದೊಡ್ಡ ಜಾರಿಗೆ ಅರ್ಧಕ್ಕಿಂತ ಜಾಸ್ತಿ ತುಂಬಿ ಸೀದಾ ಮೂರಕ್ಕೆ ತಿರುಗಿಸ್ದೆ. ಒಂದು ಹತ್ತು ಸೆಕೆಂಡು ಗುಂಯ್ ಅಂತು, ಆಮೇಲೆ ಸದ್ದು ದಪ್ಪ ಆಯ್ತು, ಆಮೇಲೆ ನಿಂತೋಯ್ತು. ಕೆಳಗಡೆ ಕೆಂಪು ಬಟನ್ ಇರುತ್ತಲ್ಲ ಓವರ್‌ಲೋಡಿಂದು, ಅದು ಹೊರಗೆ ಬಂದಿತ್ತು, ಐದು ನಿಮಿಷ ಬಿಟ್ಟು ಒತ್ತಿದೆ, ಮತ್ತೆ ಹಾಕ್ದೆ. ಈ ಸಲ ಮೋಟಾರ್ ಜೋರಾಗಿ ತಿರುಗ್ತಿದೆ, ಜಾರೊಳಗೆ ಬ್ಲೇಡ್ ಮಾತ್ರ ಅಲ್ಲಾಡ್ತಿಲ್ಲ, ಕಟಕಟಕಟ ಅಂತ ಸದ್ದು, ಸುಟ್ಟ ರಬ್ಬರ್ ವಾಸನೆ. ಜಾರ್ ಎತ್ತಿ ನೋಡ್ತೀನಿ, ಬೇಸ್ ಮೇಲಿರೋ ಕಪ್ಪು ಹಲ್ಲಿನ ಬಿಲ್ಲೆಯ ಅರ್ಧ ಹಲ್ಲು ಉದುರಿ ಕರಿಬೇವಿನ ಒಗ್ಗರಣೆ ಪುಡಿ ಥರ ಸುತ್ತ ಬಿದ್ದಿದೆ. ಅದಕ್ಕೆ ಕಪ್ಲರ್ ಅಂತಾರೆ. ಮೋಟಾರನ್ನೂ ಜಾರನ್ನೂ ಜೋಡಿಸೋ ತುಂಡು. ಅದು ಮುರಿಯೋದೇ ಅದರ ಕೆಲಸ ಅಂತ ಆಮೇಲೆ ಗೊತ್ತಾಯ್ತು, ಜಾರು ಸಿಕ್ಕಾಕ್ಕೊಂಡ್ರೆ ಮೋಟಾರ್ ಸುಡೋ ಬದಲು ಈ ಬಡಪಾಯಿ ಹಲ್ಲು ಉದುರಿಸ್ಕೊಳ್ಳುತ್ತೆ.

ಆವತ್ತಿನ ಒಬ್ಬಟ್ಟು ಪಕ್ಕದ ಮನೆಯವ್ರ ಗ್ರೈಂಡರ್ ಪುಣ್ಯ. ಅತ್ತೆ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ತು.

ಕಸ್ಟಮರ್ ಕೇರಿಗೆ ಫೋನ್ ಮಾಡೋದು ಅಂತಾಯ್ತು. ಇಲ್ಲೊಂದು ಅಡ್ಡಕಥೆ. ನಮ್ಮನೆಯವ್ರು ಡಬ್ಬ ಅಟ್ಟದ ಮೇಲಿದೆ ಯಾರು ಹತ್ತೋದು ಅಂತ ನೆಟ್‌ನಲ್ಲಿ ಕಂಪನಿ ಹೆಸರು ಹಾಕಿ ಕಸ್ಟಮರ್ ಕೇರ್ ನಂಬರ್ ಅಂತ ಹುಡುಕಿದ್ರು, ಮೊದಲನೇದಾಗಿ ಸಿಕ್ಕ ಮೊಬೈಲ್ ನಂಬರಿಗೆ ಹೊಡೆದ್ರು. ಒಂದೇ ರಿಂಗಿಗೆ ಎತ್ತಿದ. ಅಲ್ಲೇ ಅನುಮಾನ ಬರ್ಬೇಕಿತ್ತು, ಯಾವ ಕಂಪನಿ ಒಂದೇ ರಿಂಗಿಗೆ ಎತ್ತುತ್ತೆ? ಬಹಳ ಮರ್ಯಾದೆಯಿಂದ ಮಾತಾಡ್ದ, ಕಂಪ್ಲೇಂಟ್ ರಿಜಿಸ್ಟರ್ ಮಾಡೋಕೆ ಹತ್ತು ರೂಪಾಯಿ ಅಷ್ಟೇ ಸರ್, ಒಂದು ಆಪ್ ಲಿಂಕ್ ಕಳಿಸ್ತೀನಿ ಹಾಕ್ಕೊಂಡು ಅದ್ರಲ್ಲಿ ಬರೋ ನಂಬರ್ ಹೇಳಿ ಅಂದ. ಆಪ್ ಅಂದ್ರೆ ಫೋನಿನ ಸ್ಕ್ರೀನ್ ಅವ್ನಿಗೆ ಕಾಣೋ ಥರ ಮಾಡೋ ಆಪು. ಪಿಯುಸಿ ಓದ್ತಿರೋ ಮಗಳು ಪಕ್ಕದಲ್ಲಿದ್ಲು, ಅಪ್ಪನ ಕೈಯಿಂದ ಫೋನ್ ಕಿತ್ಕೊಂಡು ಕಟ್ ಮಾಡಿದ್ಲು. ದುಡ್ಡೇನಾದ್ರೂ ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡ್ಬೇಕು, ಸೈಬರ್ ಕ್ರೈಂ ಸಹಾಯವಾಣಿ ಅದು, ತಡ ಮಾಡಿದಷ್ಟೂ ದುಡ್ಡು ಕೈಬಿಟ್ಟು ಹೋಗುತ್ತೆ. ನಮ್ದು ಹೋಗಲಿಲ್ಲ. ಪ್ಯಾಕ್ ಮಾಡಿ ಮಾರೋ ಸಾಮಾನಿನ ಡಬ್ಬದ ಮೇಲೆ ಕಂಪ್ಲೇಂಟಿಗೆ ಯಾರನ್ನ ಕೇಳ್ಬೇಕು ಅನ್ನೋದು ಫೋನ್ ನಂಬರ್ ಸಮೇತ ಇರ್ಲೇಬೇಕು ಅಂತ ಕಾನೂನಿದೆ, ಅದಕ್ಕೇ ಡಬ್ಬ ಬಿಸಾಕಿದ್ರೂ ಆ ಪಕ್ಕದ ಒಂದು ಫೋಟೋ ಇಟ್ಕೊಳ್ಳಿ, ವಾರಂಟಿ ಕಾರ್ಡಿಗೆ ಅಂಗಡಿ ಸೀಲು ಹಾಕಿಸ್ಕೊಂಡು ಅದರದ್ದೂ ಒಂದು ಫೋಟೋ.

ನಾನೇ ಅಟ್ಟ ಹತ್ತಿ ನಿಜವಾದ ನಂಬರ್ ತೆಗ್ದೆ. ಇಂಗ್ಲಿಷಿಗೆ ಒಂದು, ಹಿಂದಿಗೆ ಎರಡು, ತಮಿಳಿಗೆ ಮೂರು, ಕನ್ನಡಕ್ಕಾಗಿ ನಾಲ್ಕನ್ನು ಒತ್ತಿ. ಒತ್ತಿದೆ. ಹಬ್ಬದ ದಿನ ಬೇರೆ, ಖುಷಿಯಾಯ್ತು. ಎಂಟು ನಿಮಿಷ ಮ್ಯೂಸಿಕ್ ಆದ್ಮೇಲೆ ಎತ್ತಿದ ಹುಡುಗಿ ಹಿಂದಿಯಲ್ಲಿ ನಮಸ್ಕಾರ ಹೇಳಿದ್ಲು. ಕನ್ನಡ ಅಂದೆ. ಕನ್ನಡದವ್ರು ಎಲ್ಲಾ ಬಿಜಿ ಮ್ಯಾಮ್, ಹಿಂದಿ ಅಥವಾ ಇಂಗ್ಲಿಷ್ ಅಂದ್ಲು. ಪಾಪ ಆ ಹುಡುಗಿ ಮೇಲೆ ಸಿಟ್ಟಿಲ್ಲ, ಅವ್ಳ ಮುಂದೆ ಸ್ಕ್ರಿಪ್ಟ್ ಇರುತ್ತೆ, ಅದನ್ನ ಓದ್ತಾಳೆ. ಆದ್ರೆ ತಮಾಷೆ ಅಂದ್ರೆ ಆ ಸ್ಕ್ರಿಪ್ಟಲ್ಲಿ "ಕಪ್ಲರ್ ಮುರಿದಿದೆ" ಅನ್ನೋ ಆಪ್ಷನ್ನೇ ಇಲ್ಲ. ನಾಟ್ ವರ್ಕಿಂಗ್, ನಾಯ್ಸ್, ಲೀಕೇಜ್, ಇಷ್ಟೇ. ನಾನು ಏನಾಗಿದೆ ಅಂತ ಸರಿಯಾಗಿ ಹೇಳಿದ್ರೂ ಅದು ನಾಟ್ ವರ್ಕಿಂಗ್ ಅಂತಲೇ ಹೋಗುತ್ತೆ, ಬರೋನು ಕೈಯಲ್ಲಿ ಕಪ್ಲರ್ ಇಲ್ಲದೇ ಬರ್ತಾನೆ. ವಿಸಿಟ್ ಚಾರ್ಜು 299, ಮೇಲೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ, ಸುಮಾರು 353 ಆಗುತ್ತೆ ಮ್ಯಾಮ್. ಆಯ್ತಮ್ಮ. 24 ಗಂಟೆ ಒಳಗೆ ಇಂಜಿನಿಯರ್ ಬರ್ತಾರೆ.

ಸೋಮವಾರ ರಂಜಾನ್ ರಜೆ, ಬರಲಿಲ್ಲ, ಸರಿ. ಮಂಗಳವಾರ ಮಧ್ಯಾಹ್ನ ಮೆಸೇಜು, "ನಿಮ್ಮ ದೂರು ಮುಕ್ತಾಯಗೊಂಡಿದೆ, ಗ್ರಾಹಕರು ಲಭ್ಯವಿಲ್ಲ." ನಾನು ಮನೇಲೇ ಇದೀನಿ, ಒಂದು ಮಿಸ್ ಕಾಲ್ ಕೂಡ ಇಲ್ಲ, ಬಾಗಿಲ ಬೆಲ್ ಬ್ಯಾಟರಿ ಮೊನ್ನೆ ತಾನೆ ಹಾಕ್ಸಿದ್ದು. ಮತ್ತೆ ಫೋನು, ಮತ್ತೆ ನಾಲ್ಕು ಒತ್ತೋದು, ಮತ್ತೆ ಮ್ಯೂಸಿಕ್, ಮತ್ತೆ ಹೊಸ ಟಿಕೆಟ್ ನಂಬರು. ಹಳೇ ನಂಬರ್ ಹೇಳಿದ್ರೆ "ಅದು ಕ್ಲೋಸ್ ಆಗಿದೆ ಮ್ಯಾಮ್" ಅಂತಾರೆ, ಕ್ಲೋಸ್ ಮಾಡಿದವ್ರು ಯಾರಪ್ಪಾ ಅಂದ್ರೆ ಸಿಸ್ಟಮ್. ಈ ಸಿಸ್ಟಮ್ ಅನ್ನೋ ಮನುಷ್ಯ ಯಾರೋ ಒಂದಿನ ಎದುರಿಗೆ ಸಿಕ್ರೆ ಕೂರಿಸ್ಕೊಂಡು ಮಾತಾಡ್ಬೇಕು ನಂಗೆ.

ಗುರುವಾರ ಬಂದ. ಇಂಜಿನಿಯರ್ ಅಂದ್ರೆ ಇಪ್ಪತ್ತೆರಡು ವರ್ಷದ ಹುಡುಗ, ಬೆನ್ನಿಗೊಂದು ಬ್ಯಾಗು, ಬಿಸಿಲಲ್ಲಿ ಬೈಕ್ ಓಡ್ಸಿ ಮುಖ ಕೆಂಪಾಗಿದೆ. ನೀರು ಕೊಟ್ಟೆ, ಕುಡಿದು ಮಿಕ್ಸಿ ಬೋರಲು ಹಾಕಿ ನಾಲ್ಕು ಸ್ಕ್ರೂ ಬಿಚ್ಚಿ ಟಾರ್ಚ್ ಬಿಟ್ಟು ನೋಡ್ದ. ಕಪ್ಲರ್ ಹೋಗಿದೆ ಮೇಡಂ. ಅದೇ ನಾನು ಭಾನುವಾರದಿಂದ ಹೇಳ್ತಿರೋದು. ವಾರಂಟಿಗೆ ಬರಲ್ಲ ಮೇಡಂ. ಐದು ವರ್ಷ ಅಂದ್ರಲ್ಲ? ಅದು ಮೋಟಾರಿಗೆ, ಕಪ್ಲರ್ ಮೋಟಾರ್ ಅಲ್ಲ, ಸವೆಯೋ ಪಾರ್ಟು. ಸರಿ ಬಿಡಪ್ಪ ನ್ಯಾಯವೇ, ಎರಡು ವರ್ಷ ಆಗಿದೆ, ದುಡ್ಡು ಕೊಡ್ತೀನಿ, ಹಾಕು. ಕಪ್ಲರ್ ಒಂದೇ ಬರಲ್ಲ ಮೇಡಂ, ಕಂಪನಿ ಕೊಡಲ್ಲ, ಅದರ ಜೊತೆ ಮೋಟಾರ್ ಅಸೆಂಬ್ಲಿ ಪೂರ್ತಿ ಬರುತ್ತೆ, 1,850, ಲೇಬರ್ ಬೇರೆ, ಪಾರ್ಟ್ ಬರೋಕೆ ಹತ್ತು ದಿನ. ಅಂದ್ರೆ ಚೆನ್ನಾಗಿ ತಿರುಗ್ತಿರೋ ಮೋಟಾರ್ ಬಿಸಾಕಿ ಹೊಸ ಮೋಟಾರ್ ಹಾಕ್ಬೇಕು, ಯಾಕಂದ್ರೆ ಅದ್ರ ಮೇಲಿನ ಒಂದು ಬಿಲ್ಲೆ ಹೋಗಿದೆ. ಚಪ್ಪಲಿ ಉಂಗುಷ್ಠ ಕಿತ್ತೋಯ್ತು ಅಂತ ಕಾಲನ್ನೇ ಬದಲಾಯಿಸ್ತಾರಾ ಅಂದ್ರು ಅತ್ತೆ, ಪೂಜೆ ಕೋಣೆಯಿಂದಾನೇ.

ನಂಗೆ ನಿಜವಾಗ್ಲೂ ರೇಗಿದ್ದು ಇದಕ್ಕಲ್ಲ. ಹೊರಡುವಾಗ, ಮೇಡಂ ನಿಮ್ಮ ಫೋನಿಗೆ ನಾಲ್ಕು ಅಂಕಿ ಬಂದಿರುತ್ತೆ ಹೇಳಿ ಅಂದ. ಏನು ಓಟಿಪಿ? ವಿಸಿಟ್ ಕನ್ಫರ್ಮ್ ಮಾಡೋಕೆ. ಮೆಸೇಜ್ ತೆಗೆದು ಕಣ್ಣಿಗೆ ಕನ್ನಡಕ ಹಾಕ್ಕೊಂಡು ಓದಿದ್ರೆ, ನಿಮ್ಮ ಸಮಸ್ಯೆ ಬಗೆಹರಿದು ನೀವು ಸಂತೋಷವಾಗಿದ್ರೆ ಮಾತ್ರ ಈ ಕೋಡ್ ಕೊಡಿ ಅಂತಿದೆ. ಹ್ಯಾಪಿ ಕೋಡಂತೆ ಅದ್ರ ಹೆಸರು! ನನ್ ಮಿಕ್ಸಿ ಬಾಯಿ ಬಿಟ್ಕೊಂಡು ಕಟ್ಟೆ ಮೇಲೆ ಬಿದ್ದಿದೆ, ನಾನು ಹ್ಯಾಪಿ. ಕೊಡಲ್ಲ ಅಂದೆ. ಹುಡುಗನ ಮುಖ ಸಣ್ಣಗಾಯ್ತು. ಕೋಡ್ ಇಲ್ಲಾಂದ್ರೆ ಈ ಕಾಲ್ ನನ್ ಲೆಕ್ಕಕ್ಕೆ ಬರಲ್ಲ ಮೇಡಂ, ಕಾಲಿಗಿಷ್ಟು ಅಂತ ಕೊಡೋದು, ಪೆಟ್ರೋಲ್ ನಂದೇ, ರೇಟಿಂಗ್ ಐದಕ್ಕಿಂತ ಕಮ್ಮಿ ಬಂದ್ರೂ ಕಟ್ ಅಂದ. ಏನ್ಮಾಡ್ತೀರ, ಕೊಟ್ಟೆ. ಕೊಟ್ಟ ಎರಡನೇ ನಿಮಿಷಕ್ಕೆ "ನಮ್ಮ ಸೇವೆಯಿಂದ ಸಂತುಷ್ಟರಾಗಿದ್ದಕ್ಕೆ ಧನ್ಯವಾದ" ಅಂತ ಮೆಸೇಜ್. ಕಂಪನಿಯವ್ರು ಮೀಟಿಂಗಲ್ಲಿ ಇಷ್ಟು ಪರ್ಸೆಂಟ್ ಗ್ರಾಹಕರು ಸಂತುಷ್ಟರು ಅಂತ ಪಟ್ಟಿ ತೋರಿಸ್ತಾರಲ್ಲ, ಅದ್ರಲ್ಲಿ ನಾನೂ ಒಬ್ಳು ಅನ್ಕೊಳ್ಳಿ.

ಮಾರನೇ ದಿನ 1915ಕ್ಕೆ ಫೋನ್ ಮಾಡ್ದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಇದು ಕೋರ್ಟ್ ಅಲ್ಲ, ತೀರ್ಪು ಕೊಡಲ್ಲ, ನಮ್ಮ ದೂರನ್ನ ಕಂಪನಿಗೆ ದಾಟಿಸಿ ಉತ್ತರ ಕೇಳ್ತಾರೆ ಅಷ್ಟೇ. ಆದ್ರೆ ಇಲ್ಲಿ ಕನ್ನಡ ಆರಿಸ್ಕೊಂಡ್ರೆ ನಿಜವಾಗ್ಲೂ ಕನ್ನಡದವ್ರೇ ಸಿಕ್ರು, ಬಿಲ್ ನಂಬರು, ಎರಡು ಟಿಕೆಟ್ ನಂಬರು ತಾಳ್ಮೆಯಿಂದ ಬರ್ಕೊಂಡ್ರು. ನಾಲ್ಕನೇ ದಿನಕ್ಕೆ ಕಂಪನಿಯ ಯಾರೋ ದೊಡ್ಡವ್ರು ಫೋನ್ ಮಾಡಿ ಸಾರಿ ಕೇಳಿ 353 ರೂಪಾಯಿ ವಾಪಸ್ ಹಾಕ್ತೀವಿ ಅಂದ್ರು, ಹಾಕಿದ್ರೂ ಕೂಡ. ಕಪ್ಲರ್ ಮಾತ್ರ ಬಿಡಿಯಾಗಿ ಕೊಡೋಕಾಗಲ್ಲ ಅಂದ್ರು. ಇದಕ್ಕೂ ಮೇಲೆ ಹೋಗ್ಬೇಕಂದ್ರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 2019ರ ಕಾಯ್ದೆ ಪ್ರಕಾರ ಐದು ಲಕ್ಷದವರೆಗಿನ ಕೇಸಿಗೆ ಫೀಸೇ ಇಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರಲ್ಲಿ ರೈಟ್ ಟು ರಿಪೇರ್ ಅಂತ ಒಂದು ಪೋರ್ಟಲ್ ಕೂಡ ಶುರು ಮಾಡಿದೆ, ಕಂಪನಿಗಳು ಬಿಡಿಭಾಗ ಎಲ್ಲಿ ಸಿಗುತ್ತೆ, ವಾರಂಟಿ ಏನು ಅಂತ ಅಲ್ಲಿ ಹಾಕ್ಬೇಕು ಅನ್ನೋದು ಅದ್ರ ಉದ್ದೇಶ. ಒಳ್ಳೇದೇ. ಆದ್ರೆ ಒಂದು ಬಿಲ್ಲೆಗೆ ಕೋರ್ಟು ಮೆಟ್ಟಿಲು ಹತ್ತೋಷ್ಟು ಟೈಮು ಯಾರಿಗಿದೆ ಹೇಳಿ, ಕಂಪನಿಯವ್ರಿಗೂ ಅದು ಗೊತ್ತು.

ಶನಿವಾರ ಚೀಲದಲ್ಲಿ ಮಿಕ್ಸಿ ಹಾಕ್ಕೊಂಡು ವಿಜಯನಗರ ಮಾರ್ಕೆಟ್ ಹಿಂದಿನ ರಸ್ತೆಗೆ ಹೋದೆ. ಅದಕ್ಕೂ ಮುಂಚೆ ಮನೇಲೇ ಕಪ್ಲರ್ ಬಿಚ್ಚೋ ಸಾಹಸ ಮಾಡಿದ್ದೆ ಅನ್ನೋದನ್ನ ಒಪ್ಕೋಬೇಕು, ಕಟಿಂಗ್ ಪ್ಲೇಯರ್ ಹಾಕಿ ಎಡಕ್ಕೆ ತಿರುಗಿಸಿ ತಿರುಗಿಸಿ ಕೈ ನೋವು ಬಂತು, ಅದು ಇನ್ನೂ ಬಿಗಿಯಾಯ್ತೇ ಹೊರತು ಬಿಚ್ಚಲಿಲ್ಲ. ಅಂಗಡಿ ಅಂದ್ರೆ ಮೆಟ್ಟಿಲ ಕೆಳಗಿನ ಗೂಡು, ಇಬ್ರು ನಿಂತ್ರೆ ಮೂರನೆಯವ್ನು ರೋಡಲ್ಲಿ. ಎದುರಿಗೆ ಕಂಬಿಗೆ ಸವೆದ ಕಪ್ಲರ್‌ಗಳನ್ನ ಹೂವಿನ ಸರದ ಥರ ಪೋಣಿಸಿ ತೂಗಾಕಿದಾನೆ, ಆರು ಹಲ್ಲಿಂದು, ಎಂಟು ಹಲ್ಲಿಂದು, ಬಿಳೀದು, ಕರೀದು, ಕೆಂಪು. ಯಾವ ಗಿರಾಕಿ ಬಂದ್ರೂ ಮೊದಲು ಆ ಸರದ ಪಕ್ಕ ಅವ್ರ ಕಪ್ಲರ್ ಹಿಡಿದು ನೋಡ್ತಾನೆ, ದರ್ಜಿ ಬಟನ್ ಹೊಂದಿಸಿದ ಹಾಗೆ. ನಂದು ನೋಡಿದವ್ನೇ ಕಂಪನಿ ಹೆಸರು, ಮಾಡೆಲ್ ಎರಡೂ ಹೇಳ್ಬಿಟ್ಟ, "ಅಕ್ಕಾ ಹೂರಣಾನಾ?" ಅಂದ. ಯುಗಾದಿ ಆದ ವಾರ ಅವ್ನಿಗೆ ಸೀಸನ್ನಂತೆ, ರಂಜಾನ್ ಹಬ್ಬ ಮುಗಿಸ್ಕೊಂಡು ಅಂಗಡಿ ಬಾಗಿಲು ತೆಗೆದಾಗಿಂದ ಇದೇ ಕೆಲಸ, ನನ್ನ ಮುಂದೆ ಮೂರು ಮಿಕ್ಸಿ ಕ್ಯೂನಲ್ಲಿ ಕೂತಿತ್ತು.

ಅವ್ನು ಮಾಡಿದ್ದು ಇಷ್ಟು. ಮಿಕ್ಸಿ ಬೋರಲು ಹಾಕಿ, ಕೆಳಗಿನ ಕವರ್ ತೆಗೆದು, ಮೋಟಾರಿನ ಶಾಫ್ಟಿನ ತುದಿಯಲ್ಲಿರೋ ಗೀಟಿಗೆ ಸ್ಕ್ರೂಡ್ರೈವರ್ ಕೊಟ್ಟು ಅಲ್ಲಾಡದ ಹಾಗೆ ಹಿಡ್ಕೊಂಡು, ಮೇಲಿಂದ ಕಪ್ಲರನ್ನ ಬಲಕ್ಕೆ ತಿರುಗಿಸ್ದ. ಟಕ್ ಅಂತ ಬಂತು. "ಉಲ್ಟಾ ಥ್ರೆಡ್ ಅಕ್ಕ, ನೀವು ಎಡಕ್ಕೆ ತಿರುಗ್ಸಿದ್ರೆ ಟೈಟೇ ಆಗೋದು." ಮೋಟಾರ್ ತಿರುಗಿದಷ್ಟೂ ಬಿಗಿಯಾಗ್ಲಿ, ಬಿಚ್ಕೋಬಾರ್ದು ಅಂತ ಹಂಗೆ ಮಾಡಿರ್ತಾರಂತೆ. ಹೊಸ ಕಪ್ಲರ್ ಹಾಕ್ದ, ಕೈಯಲ್ಲೇ ಬಿಗಿ ಮಾಡ್ದ. ಆಮೇಲೆ ಕೇಳದೇ ಇದ್ರೂ ಒಳಗೆ ಮೋಟಾರಿಗೆ ಕರೆಂಟ್ ದಾಟಿಸೋ ಕಾರ್ಬನ್ ಬ್ರಷ್ ಎರಡನ್ನೂ ಹೊರಗೆ ತೆಗೆದು ತೋರಿಸ್ದ, ಪೆನ್ಸಿಲ್ ತುಂಡಿನ ಥರ ಇರುತ್ತೆ, ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ, ಎರಡು ವರ್ಷ ಬರುತ್ತೆ, ಈಗ ಬೇಡ ಅಂದ. ಬೇಡ ಅಂದ! ಈ ಒಂದು ಮಾತಿಗೆ ನಾನು ಐದಲ್ಲ ಐವತ್ತು ಸ್ಟಾರ್ ಕೊಡ್ತೀನಿ. ಚಿಕ್ಕ ಜಾರಿಗೆ ಬುಷ್ ಹಾಕ್ಸಿದೆ, ಬ್ಲೇಡು ಸಾಣೆ ಹಿಡಿಸ್ದೆ, ಅದು ಬೇರೆ 150. ಕಪ್ಲರಿಗೆ ಎಂಬತ್ತು. ಕೆಲಸ ಶುರು ಮಾಡಿ ಹದಿನೈದು ನಿಮಿಷ. ದುಡ್ಡು ಸ್ಕ್ಯಾನ್ ಮಾಡಿ ಹಾಕ್ದೆ, ಗೂಡಿನ ಮೂಲೆಯಿಂದ ಆ ಡಬ್ಬ "ಇನ್ನೂರ ಮೂವತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಕನ್ನಡದಲ್ಲಿ ಕೂಗ್ತು. ವಾರವಿಡೀ ನಾಲ್ಕು ಒತ್ತಿ ಒತ್ತಿ ಸಾಕಾಗಿದ್ದವಳಿಗೆ ಅದೇ ಒಂದು ಸನ್ಮಾನ ಆದಂಗಾಯ್ತು.

ಕಾಯ್ತಾ ಕೂತಿದ್ದಾಗ ಕೇಳ್ದೆ, ಹೊಸದು ತಗೋಳೋದಾದ್ರೆ ಯಾವುದು ತಗೋಬೇಕಪ್ಪಾ ಅಂತ. ವಾಟ್ ಕೇಳ್ಬೇಡಿ ಅಕ್ಕ, ಈ ಗಾಡಿಗೆ ಕಪ್ಲರು, ಬುಷ್ಷು, ಗ್ಯಾಸ್ಕೆಟ್ಟು ನನ್ ಹತ್ರ ಸಿಗುತ್ತಾ ಅಂತ ಫಸ್ಟ್ ಬಂದು ಕೇಳಿ, ಆಮೇಲೆ ಅಂಗಡಿಗೆ ಹೋಗಿ ಅಂದ. ಮಿಕ್ಸಿಗೆ ಅವ್ರೆಲ್ಲ ಗಾಡಿ ಅಂತಾರೆ, ಚೆನ್ನಾಗಿದೆ ಅಲ್ವಾ. ಯೋಚಿಸಿದ್ರೆ ಇಷ್ಟು ಸಿಂಪಲ್ಲು. ನಾವು ಅಂಗಡಿಯಲ್ಲಿ 500ಆ, 750ಆ, ಸಾವಿರಾನಾ ಅಂತ ಚೌಕಾಸಿ ಮಾಡ್ತೀವಿ, ವಾಟ್ ಅನ್ನೋದು ಮಿಕ್ಸಿ ಎಷ್ಟು ಕರೆಂಟ್ ಎಳ್ಕೊಳ್ಳುತ್ತೆ ಅನ್ನೋ ಲೆಕ್ಕ, ಚಟ್ನಿ ಎಷ್ಟು ನುಣ್ಣಗಾಗುತ್ತೆ ಅನ್ನೋದು ಬ್ಲೇಡು, ಜಾರಿನ ಆಕಾರ, ನಾವು ಹಾಕೋ ನೀರು ಇದ್ರ ಮೇಲೆ. ಇನ್ನೊಂದು, ಮಿಕ್ಸಿ ತಳದ ಸ್ಟಿಕ್ಕರ್‌ನಲ್ಲಿ 30 ನಿಮಿಷ ರೇಟಿಂಗ್ ಅಂತ ಬರೆದಿದ್ರೆ ಒಂದೇ ಸಮ ಅರ್ಧ ಗಂಟೆ ಓಡಿಸ್ಬೋದು ಅಂತಲ್ಲ, ಐದು ನಿಮಿಷ ಓಡ್ಸಿ ಎರಡು ನಿಮಿಷ ನಿಲ್ಸಿ ಆ ಥರ ಸುತ್ತು. ಅದನ್ನ ಇಷ್ಟು ದಿನ ನಾನೂ ತಪ್ಪು ತಿಳ್ಕೊಂಡಿದ್ದೆ.

ಈಗ ಬಿಎಲ್‌ಡಿಸಿ ಮಿಕ್ಸಿ ಅಂತ ಬಂದಿದೆ, ಎಲೆಕ್ಟ್ರಾನಿಕ್ ಬೋರ್ಡಿಂದ ಓಡೋ ಮೋಟಾರಿನದ್ದು, ಮಗಳು ಅದನ್ನೇ ತಗೋಳೋಣ ಅಂತಾಳೆ. ಅದ್ರಲ್ಲಿ ಕಾರ್ಬನ್ ಬ್ರಷ್ ಇರಲ್ಲ, ಸದ್ದು ಕಮ್ಮಿ, ನಿಧಾನಕ್ಕೂ ತಿರುಗಿಸಿ ತರಿತರಿಯಾಗಿ ರುಬ್ಬಬಹುದು. ಫ್ಯಾನಿಗಾದ್ರೆ ನಾನೂ ಕಣ್ಮುಚ್ಚಿ ಹೂಂ ಅಂತೀನಿ, ಹಳೇ ಫ್ಯಾನು 75 ವಾಟ್ ತಿನ್ನೋ ಕಡೆ ಇದು 28, 30ರಲ್ಲಿ ಮುಗಿಸುತ್ತೆ, ಫ್ಯಾನ್ ಹಗಲು ರಾತ್ರಿ ಓಡುತ್ತೆ. ಮಿಕ್ಸಿ ದಿನಕ್ಕೆ ಇಪ್ಪತ್ತು ನಿಮಿಷ, 750 ವಾಟ್ ಅಂದ್ರೂ ಕಾಲು ಯೂನಿಟ್ಟು, ಅದ್ರಲ್ಲಿ ಉಳಿಸೋದೇನು, ಅದೂ ಗೃಹಜ್ಯೋತಿ ಇರೋವಾಗ. ಸದ್ದಿಗೋಸ್ಕರ ತಗೋಬೇಕಷ್ಟೇ. ಗೂಡಂಗಡಿಯವ್ನನ್ನ ಕೇಳಿದ್ರೆ ಅದ್ರೊಳಗೆ ಬೋರ್ಡ್ ಇರುತ್ತೆ ಅಕ್ಕ, ಬೋರ್ಡ್ ಹೋದ್ರೆ ಕಂಪನಿಯವ್ರೇ ಗತಿ, ನಾನು ಕೈ ಹಾಕಲ್ಲ ಅಂದ. ಅಲ್ಲಿಗೆ ಮತ್ತೆ ನಾಲ್ಕು ಒತ್ತೋದೇ. ಸದ್ಯಕ್ಕೆ ಬೇಡಮ್ಮಾ ಅಂದಿದೀನಿ.

ಬ್ರಾಂಡ್ ನಂಬಿಕೆ ವಿಷಯಕ್ಕೂ ಒಂದು ಮಾತು. ನಮ್ಮಮ್ಮ ಇದೇ ಬ್ರಾಂಡ್ ತಗೊಂಡಿದ್ರು ಅಂತ ನಾವು ತಗೋತೀವಿ, ಆದ್ರೆ ಡಬ್ಬದ ಮೇಲಿನ ಹೆಸರು ಅದೇ ಇದ್ರೂ ಅದರ ಹಿಂದಿರೋ ಯಜಮಾನ ಬದಲಾಗಿರ್ತಾನೆ. ಚೆನ್ನೈನ ಪ್ರೀತಿ 2011ರಲ್ಲಿ ಫಿಲಿಪ್ಸ್ ಕೈಗೆ ಹೋಯ್ತು, ಆಮೇಲೆ ಫಿಲಿಪ್ಸೇ ತನ್ನ ಮನೆಬಳಕೆ ಸಾಮಾನಿನ ವಿಭಾಗವನ್ನ 2021ರಲ್ಲಿ ಮಾರಿತು. ಬಟರ್‌ಫ್ಲೈ 2022ರಲ್ಲಿ ಕ್ರಾಂಪ್ಟನ್ ಪಾಲಾಯ್ತು. ಅದ್ರಿಂದ ಮಿಕ್ಸಿ ಕೆಟ್ಟೋಯ್ತು ಅಂತ ಹೇಳ್ತಿಲ್ಲ, ಬೇಕಾದ್ರೆ ಚೆನ್ನಾಗೂ ಆಗಿರ್ಬೋದು. ಮೂವತ್ತು ವರ್ಷದ ಹಿಂದಿನ ಹೆಸರಿಗೆ ಇವತ್ತಿನ ಸರ್ವಿಸ್ ಅಡ ಇಟ್ಟು ತಗೋಬೇಡಿ ಅಷ್ಟೇ.

ಅತ್ತೆದು ಸುಮೀತ್. 1986ರಲ್ಲಿ ಮಾವ ಬೋನಸ್ ದುಡ್ಡಲ್ಲಿ ತಂದಿದ್ದು, ನಮ್ಮನೇಲಿ ಇವತ್ತಿಗೂ ಯಾವ ಮಿಕ್ಸಿ ಆದ್ರೂ ಅವ್ರ ಬಾಯಲ್ಲಿ ಸುಮೀತೇ, "ಸುಮೀತ್‌ಗೆ ಹಾಕ್ಬಿಡಮ್ಮ" ಅಂತಾರೆ. ಅದ್ರ ಕಥೆ ಗೊತ್ತಲ್ವಾ? 1960ರ ದಶಕದಲ್ಲಿ ಮುಂಬೈಯಲ್ಲಿದ್ದ ಮಾಧುರಿ ಮಾಥುರ್ ಅನ್ನೋರ ಜರ್ಮನ್ ಬ್ಲೆಂಡರ್ ಸುಟ್ಟೋಯ್ತು, ನಮ್ಮ ದೇಶದಲ್ಲಿ ಅದನ್ನ ರಿಪೇರಿ ಮಾಡೋರೇ ಸಿಗಲಿಲ್ಲ. ಗಂಡ ಸತ್ಯಪ್ರಕಾಶ್ ಮಾಥುರ್ ಸೀಮೆನ್ಸ್‌ನಲ್ಲಿ ಇಂಜಿನಿಯರ್, ನಮ್ಮ ಅಡುಗೆಗೆ ತಡೆಯೋ ಅಂಥದ್ದೊಂದನ್ನ ತಾನೇ ಮಾಡ್ತೀನಿ ಅಂತ ಹೊರಟು ಮಾಡಿದ್ದು ಸುಮೀತ್. ಅಂದ್ರೆ ನಮ್ಮ ದೇಶದ ಮಿಕ್ಸಿ ಹುಟ್ಟಿದ್ದೇ ಸರ್ವಿಸ್ ಸಿಗದ ಸಿಟ್ಟಿಗೆ ಅಂದ್ಕೊಂಡ್ರೆ ತಪ್ಪೇನಿಲ್ಲ. ನಾನು ಇಂಜಿನಿಯರನ್ನ ಮದ್ವೆಯಾಗಿಲ್ಲ, ನಮ್ಮನೆಯವ್ರು ಬ್ಯಾಂಕು, ಹತ್ತು ರೂಪಾಯಿ ಆಪ್ ಹಾಕ್ಕೊಳ್ಳೋಕೆ ಹೊರಟಿದ್ದವ್ರು. ಅತ್ತೆ ಸುಮೀತ್‌ನ ಮೋಟಾರ್ ಈಗ್ಲೂ ತಿರುಗುತ್ತೆ, ಎರಡು ಸಲ ರೀವೈಂಡ್ ಮಾಡ್ಸಿದಾರೆ. ಮಾವ ಒಂದು ಸಲ ಸ್ಪೂನ್ ಒಳಗೇ ಬಿಟ್ಟು ಹಾಕಿದ್ರಿಂದ ಜಾರಿನ ಬ್ಲೇಡ್ ಮುರೀತು, ಆಮೇಲಿಂದ ಅದು ಅಟ್ಟದ ಮೇಲೆ, ಹಳೇ ಸೀರೆ ಸುತ್ಕೊಂಡು ಕೂತಿದೆ.

ನಂ ಮಿಕ್ಸಿ ರಿಪೇರಿಯಾಗಿ ಈಗ ತಿಂಗಳುಗಟ್ಟಲೆ ಆಯ್ತು, ಕಪ್ಲರ್ ಗಟ್ಟಿಯಾಗಿದೆ, ಕಂಪನಿದಕ್ಕಿಂತ ಸ್ವಲ್ಪ ಜಾಸ್ತಿ ಗಡಗಡ ಅನ್ನುತ್ತೆ, ಅದನ್ನ ಹೇಳ್ದೇ ಇದ್ರೆ ತಪ್ಪಾಗುತ್ತೆ. ದೊಡ್ಡ ಜಾರು ಕೂರಿಸುವಾಗ ಒಂದು ಸಲ ಕೈಯಲ್ಲಿ ತಿರುಗಿಸಿ ಹಲ್ಲಿಗೆ ಹಲ್ಲು ಕೂತಿದೆಯಾ ನೋಡ್ಕೋಬೇಕು, ಇಲ್ಲಾಂದ್ರೆ ಶುರುವಿನಲ್ಲೇ ಕಟಕ್ ಅನ್ನುತ್ತೆ. ಮೊನ್ನೆ ಅದೇ ರಸ್ತೆಗೆ ಸೊಪ್ಪಿಗೆ ಹೋದಾಗ ಅತ್ತೆನೂ ಬಂದಿದ್ರು. ನಾನು ತರಕಾರಿ ಗಾಡಿ ಹತ್ರ ಚೌಕಾಸಿ ಮಾಡ್ತಿದ್ದಾಗ ಅವ್ರು ಒಬ್ರೇ ಆ ಗೂಡಿಗೆ ಹೋಗಿ ಇನ್ನೂ ಎರಡು ಕಪ್ಲರ್ ತಂದಿದಾರೆ, ಸೆರಗಲ್ಲಿ ಕಟ್ಕೊಂಡು. ಈಗ ಅವೆರಡೂ ಕಾಫಿಪುಡಿ ಡಬ್ಬದ ಪಕ್ಕ ಕೂತಿವೆ. ಎರಡು ಯಾಕತ್ತೆ ಅಂದ್ರೆ, "ಒಂದು ಮುಂದಿನ ಯುಗಾದಿಗೆ, ಇನ್ನೊಂದು ಅದರ ಮುಂದಿನದಕ್ಕೆ, ನೀನು ಜಾರ್ ತುಂಬಿಸೋದು ನೋಡಿದೀನಲ್ಲ" ಅಂದ್ರು.